ಸುದ್ದಿ ತಂದವನ ಕೆನ್ನೆ

ಕಟ್ಟೆಗೆ ಬಂದು ಬಿದ್ದ ಅಂಬಪ್ಪನ ಬಾಯಿಂದ ಹೊರಟದ್ದು ಒಂದೇ ಮಾತು: "ಹಾವು."

"ಸಾಕು, ಬಾಯಿ ಮುಚ್ಚು," ಎಂದ ಲಾಲಪ್ಪ.

ಮಸ್ಕಿಯ ಸುತ್ತ ಹತ್ತು ಹಳ್ಳಿಗೆ ಹಾವಿನ ಮಂತ್ರಕ್ಕೆ ಲಾಲಪ್ಪನೇ ದಿಕ್ಕು. ಕಚ್ಚಿಸಿಕೊಂಡವನನ್ನು ಅವನು ನೋಡುವುದೇ ಬೇಡ. ಸುದ್ದಿ ತಂದವನ ಕೆನ್ನೆಗೆ ಮಂತ್ರಿಸಿ ಮೂರು ಬಾರಿಸಿದರೆ ಸಾಕು, ಅಲ್ಲಿ ಹೊಲದಲ್ಲಿ ಬಿದ್ದವನ ವಿಷ ಇಳಿಯುತ್ತದೆ. ಸುದ್ದಿ ತಂದವನು ಎರಡನೇ ಮಾತಾಡಿದನೋ, ಮಂತ್ರ ಕೆಟ್ಟಿತು. ಅಪ್ಪನ ಕಾಲದ ಪದ್ಧತಿ.

ಆದರೆ ಸಾವಿರದ ಒಂಬೈನೂರ ಐವತ್ಮೂರರ ಆ ಬೇಸಿಗೆ ಲಾಲಪ್ಪನ ಗ್ರಹಚಾರ ಕೆಟ್ಟಿತ್ತು. ಲಿಂಗಸುಗೂರಿನ ದವಾಖಾನೆಗೆ ಹಾವಿನ ವಿಷ ಇಳಿಸುವ ಸೂಜಿಮದ್ದು ಬಂದಿತ್ತು. ಕಚ್ಚಿಸಿಕೊಂಡವರು ಅಲುಗಾಡಬಾರದು, ಬಂಡಿಯಲ್ಲಿ ಮಲಗಿಸಿ ತನ್ನಿ ಎಂದು ಸಂತೆಯಲ್ಲಿ ಡಂಗುರ ಸಾರಿದ್ದರು. ಎರಡು ತಿಂಗಳಿಂದ ಅವನ ಕಟ್ಟೆಗೆ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಈಗ ಬಂದವನು ಬಸವಂತರಾಯ ಗೌಡರ ಆಳು. ಆಳು ಹೀಗೆ ಏದುಸಿರು ಬಿಡುತ್ತ ಓಡಿಬಂದನೆಂದರೆ ಕಚ್ಚಿದ್ದು ಗೌಡರಿಗೇ. ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಿತ್ತು. ಗೌಡರು ಬದುಕಿದರೆ ಆ ಸೂಜಿಯ ಹತ್ತಿರ ಯಾವನು ಹೋಗುತ್ತಾನೆ?

ಮೊದಲ ಏಟಿಗೆ ಅಂಬಪ್ಪ ತೂರಾಡಿದ. ಏನೋ ಹೇಳಲು ಬಾಯಿ ತೆರೆದ. ಲಾಲಪ್ಪ ಬೇವಿನ ಸೊಪ್ಪು ತುರುಕಿದ. ಅಂಬಪ್ಪ ಬಲಗಾಲನ್ನು ಮುಂದಕ್ಕೆ ಚಾಚಿದ.

"ಲೇ, ನನ್ನ ಕಡೆ ಕಾಲು ಚಾಚ್ತೀ? ಸೊಕ್ಕು ಬಂತೇನು?" ಕಾಲನ್ನು ಒದ್ದು ಸರಿಸಿ ಉಳಿದೆರಡೂ ಬಾರಿಸಿದ.

ಅಂಬಪ್ಪನ ರೆಪ್ಪೆಗಳು ಜೋತುಬಿದ್ದವು. ಬಾಯಿಂದ ಜೊಲ್ಲು ಸುರಿಯಿತು. ಏಟಿನ ಸದ್ದಿಗೆ ಕಟ್ಟೆಯ ಸುತ್ತ ಕೂಡಿದ ಜನ ಬೆರಗಾದರು. ಲಾಲಪ್ಪನ ಹೆಂಡತಿ ಗಾಳೆಮ್ಮ ಮಾತ್ರ, "ಯಾಕೋ ಇವನ ಮಾರಿ ಚಲೋ ಕಾಣವಲ್ದು," ಎಂದಳು.

"ಗೌಡರ ವಿಷ ಇವನ ಮೈಯಾಗ ಹಾದು ಹೋಗಾಕತ್ತೈತಿ. ನೀ ಸುಮ್ಮನಿರು."

ಇಷ್ಟು ಚೆನ್ನಾಗಿ ಮಂತ್ರ ನಾಟಿದ್ದನ್ನು ಅವನ ಅಪ್ಪನೂ ಕಂಡಿರಲಿಲ್ಲ. ಅಂಬಪ್ಪನನ್ನು ರಟ್ಟೆ ಹಿಡಿದೆಬ್ಬಿಸಿ, "ಹಿಂದಕ್ಕ ನೋಡದಂಗ ಓಡು. ನೀ ಎಷ್ಟು ಜೋರು ಓಡ್ತಿ, ಅಷ್ಟು ಜೋರು ವಿಷ ಇಳೀತೈತಿ," ಎಂದು ಬಿಸಿಲಿಗೆ ನೂಕಿದ. ಅಂಬಪ್ಪ ಹಳ್ಳದ ಕಾಲುದಾರಿ ಹಿಡಿದು ಬೀಳುತ್ತ ಏಳುತ್ತ ಮರೆಯಾದ.

ಗಳಿಗೆ ಕಳೆಯುವುದರೊಳಗೆ, ಸುತ್ತುದಾರಿಯಿಂದ ಗೌಡರ ಬಂಡಿ ಬಂತು. ಇಳಿದವರು ಸಾಕ್ಷಾತ್ ಬಸವಂತರಾಯ ಗೌಡರು, ಗುಂಡುಕಲ್ಲಿನ ಹಾಗೆ. ಜನ ಲಾಲಪ್ಪನ ಕಾಲಿಗೆ ಬಿದ್ದರು. ಅವನ ಕಣ್ಣು ತುಂಬಿ ಬಂತು.

"ನೋಡ್ರಿ, ಗೌಡ್ರು ಎದ್ದು ಬಂದಾರ," ಎಂದ.

"ನನಗೇನಾಗೈತಿ?" ಗೌಡರು ಕಟ್ಟೆಯ ಸುತ್ತ ಕಣ್ಣಾಡಿಸಿದರು. "ಹಾವು ಕಡದದ್ದು ಅಂಬಪ್ಪಗ. ಲಿಂಗಸುಗೂರಿಗೆ ಒಯ್ಯಾಕ ನಾ ಬಂಡಿ ಕಟ್ಟೂದ್ರಾಗ ಹುಚ್ಚ ನಿನ್ನ ಕಡೆ ಓಡಿ ಬಂದಾನ. ಎಲ್ಲಿ ಮಲಗ್ಸೀದಿ ಅವನ್ನ?"