ಬಾಗಿಲು ತೆರೆಯುವ ಅಭ್ಯಾಸ

ನೈಟಿಯ ಮೇಲೆ ಹೊದ್ದಿದ್ದ ವೇಲಿನ ತುದಿಯಿಂದ ರೂಪಶ್ರೀ ಮತ್ತೊಮ್ಮೆ ಕಣ್ಣೊರೆಸಿಕೊಂಡಳು.

"ಆಮೇಲೆ? ಓದು ತಂಗಿ, ನಿಲ್ಲಿಸ್ಬೇಡ."

ತಂಗಿ ಎನಿಸಿಕೊಂಡ ತೇಜಶ್ರೀ ಆ ಮನೆಗೆ ಕಾಲಿಟ್ಟು ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ. ಗೇಟಿನಲ್ಲಿ 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು ನೋಡಿ, ಹಿಂದಿನ ಪೋರ್ಷನ್ ಕೇಳಲು ಬಂದವಳು. ಹಾಸನದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುತ್ತಾಳೆ ಎಂದು ತಿಳಿದದ್ದೇ ತಡ, ರೂಪಶ್ರೀ ಅವಳ ಕೈಗೆ ಕಾಫಿಯನ್ನೂ ಒಂದು ದಪ್ಪ ಪುಸ್ತಕವನ್ನೂ ಕೊಟ್ಟು ಕೂರಿಸಿದ್ದಳು. ಅಮೆರಿಕದ ಕಪ್ಪು ಹೆಣ್ಣುಮಕ್ಕಳು ತಲೆಯೆತ್ತಿ ಬಾಳಲಿ ಎಂದು ಅವರಲ್ಲೇ ಒಬ್ಬಾಕೆ ಬರೆದದ್ದು. ಬಡಾವಣೆಯ ಮಹಿಳಾ ಓದು ಬಳಗಕ್ಕೆ ಅದನ್ನು ಆರಿಸಿದವಳು ರೂಪಶ್ರೀಯೇ. ಸಂಜೆ ಬಳಗದ ಮುಂದೆ ಒಂದು ಅಧ್ಯಾಯ ಹೇಳಬೇಕಿತ್ತು. ಕಣ್ಣೀರು ಆಗಲೇ ಸಿದ್ಧವಾಗಿತ್ತು, ಇಂಗ್ಲಿಷು ಮಾತ್ರ ಬಗ್ಗುತ್ತಿರಲಿಲ್ಲ.

ಅತ್ತೆ ನಂಜಮ್ಮ ನೆಲದ ಮೇಲೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ತೇಜಶ್ರೀ ಸೋಫಾದಿಂದ ಇಳಿದು ಪಕ್ಕದಲ್ಲಿ ಕೂತು, ಪುಸ್ತಕವನ್ನು ತೊಡೆಯ ಮೇಲೆ ಹರಡಿಕೊಂಡು, ಅರ್ಥ ಹೇಳುತ್ತ ಹೇಳುತ್ತ ತಾನೂ ಹಿತುಕತೊಡಗಿದ್ದಳು.

"ಕೈ ಬಲು ಚುರುಕು ಕಣವ್ವ ನಿಂದು," ಎಂದಳು ನಂಜಮ್ಮ. "ನಮ್ ರೂಪ ಕೂತ್ರೆ ಅರ್ಧ ಬ್ಯಾಳೆ ಗ್ವಾಡೆಗೆ ಆರ್ತವೆ."

"ಸುಮ್ನಿರಿ ಅತ್ತೆ, ಕತೆ ಕೇಳನ."

"ಮಗಳ ಕೈ ಹಿಡ್ಕೊಂಡು ಆ ತಾಯಿ ಬಾಗಿಲು ತಟ್ತಾಳೆ ಅಕ್ಕ," ತೇಜಶ್ರೀ ಮುಂದುವರಿಸಿದಳು. "ಕಿಟಕೀಲಿ ಬಾಡಿಗೆ ಬೋರ್ಡು ಹಾಗೇ ಇದೆ. ಒಳಗಿಂದ ಬಂದ ಬಿಳಿ ಹೆಂಗಸು ಇವಳ ಮುಖ ನೋಡಿ, ಈಗ ತಾನೇ ಬೇರೆಯವರಿಗೆ ಕೊಟ್ಟುಬಿಟ್ವಲ್ಲ ಅಂತಾಳೆ."

"ಥೂ! ಅವ್ರೂ ಒಂದು ಮನುಷ್ಯರಾ?" ಎಂದಳು ರೂಪಶ್ರೀ. "ಮನೆ ಕೇಳ್ಕೊಂಡು ಬಂದ ಹೆಂಗಸಿಗೆ ಹಿಂಗಾ ಮಾಡಾದು? ಸದ್ಯ, ನಮ್ಮ ಕಡೆ ಅಂಥದ್ದೆಲ್ಲ ಇಲ್ಲ."

ಅಧ್ಯಾಯದ ಕೊನೆಯಲ್ಲಿ ಓದಿದವರಿಗೊಂದು ಅಭ್ಯಾಸ ಕೊಟ್ಟಿತ್ತು: ಇಂದೇ ಇನ್ನೊಬ್ಬ ಹೆಣ್ಣಿಗೆ ಒಂದು ಬಾಗಿಲು ತೆರೆಯಿರಿ. ಕೇಳಿದವಳೇ ರೂಪಶ್ರೀ ಎದ್ದು ಹೋಗಿ, ಮೊಳೆಗೆ ತೂಗುಹಾಕಿದ್ದ ಬೀಗದ ಕೈ ತಂದು ತೇಜಶ್ರೀಯ ಅಂಗೈಯಲ್ಲಿಟ್ಟಳು. "ತಗೋ. ಮನೆ ನಿಂದು. ಅಡ್ವಾನ್ಸ್ ನಿಧಾನಕ್ಕೆ ಕೊಡು." ಅಂಗೈ, ಬೀಗದ ಕೈ, ಪಕ್ಕದಲ್ಲಿ ತನ್ನ ನಗುಮುಖ ಮೂರೂ ಬರುವಂತೆ ಫೋಟೊ ತೆಗೆದು, ಕೆಂಪು ಹೃದಯವೊಂದನ್ನು ಅಂಟಿಸಿ, ಅಲ್ಲೇ ನಿಂತು ವಾಟ್ಸಾಪ್ ಸ್ಟೇಟಸ್ಸಿಗೂ ಹಾಕಿದಳು.

ತೇಜಶ್ರೀ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು. "ಎಷ್ಟು ಉಪಕಾರ ಆಯ್ತಕ್ಕ. ಅವ್ವಂಗೆ ವಾರಕ್ಕೆರಡು ಸಲ ಇಲ್ಲಿ ಡಯಾಲಿಸಿಸ್. ಮಲ್ಲಿಪಟ್ಣದಿಂದ ಬಸ್ಸಲ್ಲಿ ಬರೋ ಶಕ್ತಿ ಇಲ್ಲ ಅವಳಿಗೆ. ನನ್ನ ಪೀಜಿಲಿ ಇಟ್ಕೊಳಕ್ಕೆ ಬಿಡಲ್ಲ. ನಾಳೇನೇ ಕರ್ಕೊಂಡು ಬರ್ತೀನಿ."

"ಮಲ್ಲಿಪಟ್ಣನಾ?" ನಂಜಮ್ಮನ ಮುಖ ಅರಳಿತು. "ನನ್ ತಂಗೀನ ಕೊಟ್ಟಿರಾದು ಅಲ್ಲಿಗೇ ಕಣವ್ವ! ಯಾರ ಮಗಳು ನೀನು?"

"ದೇವಯ್ಯನವರ ಮಗಳು."

"ಯಾವ ದೇವಯ್ಯ? ರೈಸ್ ಮಿಲ್ ದೇವಯ್ಯನಾ?"

"ಅಲ್ಲಮ್ಮ. ಕೆರೆ ಏರಿ ಕೆಳಗೆ. ಅಂಬೇಡ್ಕರ್ ಬೀದಿ."

ನಂಜಮ್ಮನ ಬೆರಳು ನಿಂತವು. ಬೋಗುಣಿ ತುಂಬ ಬೇಳೆ ಹಾಲಿನಂತೆ ಬೆಳ್ಳಗಿತ್ತು. ಅದರಲ್ಲಿ ಯಾವುದು ತಾನು ಹಿತುಕಿದ್ದು, ಯಾವುದು ಅವಳು ಹಿತುಕಿದ್ದು ಎಂದು ಹೇಳುವಂತಿರಲಿಲ್ಲ. ನಂಜಮ್ಮ ಅದನ್ನೇ ದಿಟ್ಟಿಸುತ್ತ ಕೂತಳು.

ರೂಪಶ್ರೀ ಕಾರಣ ಹುಡುಕಿದಳು. ಎದುರು ಮನೆಯವರಿಗೆ ಈ ಕಷ್ಟವೇ ಇರಲಿಲ್ಲ. ಮಾಂಸ ತಿನ್ನುವವರಿಗೆ ಕೊಡುವುದಿಲ್ಲ ಎಂದು ನಯವಾಗಿ ಹೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಇವಳಿಗೆ ಆ ಅನುಕೂಲವೂ ಇಲ್ಲ. ಭಾನುವಾರ, ಒಳಗೆ ನಾಟಿಕೋಳಿ ಸಾರು ಕುದಿಯುತ್ತಿತ್ತು, ಬೇಳೆ ಅದಕ್ಕೇ ಕಾಯುತ್ತಿದ್ದದ್ದು. ಸದ್ದೇ ಮಾಡದ ಫೋನನ್ನು ಎತ್ತಿಕೊಂಡು, ಕಿವಿಗಿಟ್ಟು, ಎರಡು ಸಲ "ಹೂಂ, ಹೂಂ" ಎಂದಳು.

"ಅಯ್ಯೋ ಮೇಡಂ, ನೋಡಿ, ನಮ್ಮನೆಯವರು ಒಂದು ಮಾತೂ ಹೇಳ್ಲಿಲ್ಲ. ಈಗ ತಾನೇ ಬೇರೆಯವರಿಗೆ ಕೊಟ್ಬುಟ್ರಂತೆ."

ತೇಜಶ್ರೀ ಕಿಟಕಿಯಾಚೆ ನೋಡಿದಳು. ಗೇಟಿಗೆ ತಂತಿಯಲ್ಲಿ ಕಟ್ಟಿದ್ದ ಬೋರ್ಡು ಗಾಳಿಗೆ ಅಲ್ಲಾಡುತ್ತಿತ್ತು.

"ಅದನ್ನ ತೆಗೆಸ್ಬೇಕು," ಎಂದಳು ರೂಪಶ್ರೀ.

ತೇಜಶ್ರೀ ಬೀಗದ ಕೈಯನ್ನು ಪುಸ್ತಕದ ಮೇಲಿಟ್ಟು, ಬೆರಳಿಗಂಟಿದ್ದ ಅವರೆಯ ಸಿಪ್ಪೆಯನ್ನು ಒರೆಸಿಕೊಂಡು ಎದ್ದಳು. ಅವಳು ಬಾಗಿಲು ಮುಟ್ಟುವಷ್ಟರಲ್ಲಿ ರೂಪಶ್ರೀ ಸ್ಟೇಟಸ್ ಅಳಿಸಿದ್ದಳು. ಮೂವರು ಆಗಲೇ ನೋಡಿಬಿಟ್ಟಿದ್ದರು. ಒಬ್ಬಾಕೆ ಚಪ್ಪಾಳೆಯನ್ನೂ ತಟ್ಟಿದ್ದಳು. ಆ ಚಪ್ಪಾಳೆ ನೋಡಿ ರೂಪಶ್ರೀಯ ಮನಸ್ಸು ಮತ್ತೆ ಮೆತ್ತಗಾಯಿತು. ಹೊಸ್ತಿಲವರೆಗೂ ಬಂದಳು.

"ಬೇಜಾರು ಮಾಡ್ಕೋಬೇಡಿ ಮೇಡಂ. ಮುಂದಿನ ಭಾನುವಾರ ತಪ್ಪದೆ ಬನ್ನಿ, ಮಿಕ್ಕಿದ್ದು ಓದಿ ಹೇಳೋರಂತೆ. ಆ ತಾಯಿಗೆ ಕೊನೆಗೆ ಮನೆ ಸಿಕ್ತೋ ಇಲ್ವೋ ತಿಳ್ಕೊಳ್ದೆ ನಂಗೆ ನಿದ್ದೆ ಹತ್ತಲ್ಲ."

"ಸಿಗಲಿಲ್ಲ," ಎಂದಳು ತೇಜಶ್ರೀ, ಚಪ್ಪಲಿಗೆ ಕಾಲು ತೂರಿಸುತ್ತ.

"ಅಯ್ಯೋ ಪಾಪ!" ರೂಪಶ್ರೀ ವೇಲಿನ ತುದಿಯನ್ನು ಕಣ್ಣಿಗೆ ಒತ್ತಿಕೊಂಡಳು.