ಸೌದೆ ಕೋಣೆಯ ಮರಗೆಲಸ

ಸೌದೆ ಇಡುವ ಕೋಣೆಯನ್ನು ಖಾಲಿ ಮಾಡಿಸಿ ಮರಿಗೌಡ ಅಲ್ಲಿ ಮರಗೆಲಸ ಶುರು ಮಾಡಿದ ದಿನದಿಂದ ಮನೆಯಲ್ಲಿ ನೆಮ್ಮದಿ ಇರಲಿಲ್ಲ. ಕೋಣೆ ಇದ್ದದ್ದು ಅಗಲ ಐದಡಿ, ಉದ್ದ ಏಳಡಿ. ಹಲಗೆ ಕೊಯ್ಯಬೇಕಾದರೆ ಅದರ ಒಂದು ತುದಿಯನ್ನು ಪಕ್ಕದ ಬಚ್ಚಲಿಗೆ ತೂರಿಸಬೇಕಿತ್ತು. ಅಷ್ಟು ಹೊತ್ತು ಯಾರೂ ಸ್ನಾನಕ್ಕೆ ಇಳಿಯುವಂತಿರಲಿಲ್ಲ.

“ಬೇರೆ ಗಂಡಸ್ರು ಕುಡೀತಾರೆ, ಇಸ್ಪೀಟಾಡ್ತಾರೆ. ಎಲ್ಲಾ ಮನೆ ಹೊರಗೆ. ನಿಮ್ದೊಂದೇ ಮನೆ ಒಳಗೆ,” ಎಂದು ಹೆಂಡತಿ ಸಾಕಮ್ಮ ದಿನಾ ಬೈಯುತ್ತಿದ್ದಳು.

“ಮರದ ವಿಷ್ಯ ನಿಂಗೇನೇ ಗೊತ್ತು? ಹೋಗಿ ಸಾರು ಕಾಸು,” ಎಂದು ಅವನು ಗದರುತ್ತಿದ್ದ.

ಸಕ್ಕರೆ ಕಾರ್ಖಾನೆಯ ಕೆಲಸ ಮುಗಿಸಿ ಬಂದವನೇ ಕೋಣೆ ಸೇರುತ್ತಿದ್ದ. ಮೂರು ತಿಂಗಳಾದರೂ ನಾಲ್ಕು ಕಾಲೂ ನೆಲಕ್ಕೆ ತಾಗುವ ಒಂದು ಸ್ಟೂಲು ಹುಟ್ಟಲಿಲ್ಲ. ಒಂದು ಕಾಲು ಕುಂಟುತ್ತದೆಂದು ಉಳಿದ ಮೂರನ್ನು ಕೊಯ್ಯುತ್ತಾ ಕೊಯ್ಯುತ್ತಾ, ಒಂದು ಭಾನುವಾರ ಸ್ಟೂಲು ಚಪಾತಿ ಮಣೆಯ ಎತ್ತರಕ್ಕೆ ಇಳಿದುಬಿಟ್ಟಿತು.

“ಇದು ಯಾರ್ ಕೂರೋಕೆ, ಬೆಕ್ಕಾ?” ಎಂದಳು ಸಾಕಮ್ಮ.

ಮರಿಗೌಡನಿಗೆ ತಲೆ ಕೆಟ್ಟಿತು. “ತಗೋ, ಈ ಕೋಣೆ ನೀನೇ ಇಟ್ಕೊ. ಸೌದೆ ತುಂಬ್ಕೊ. ಇವನ್ನೆಲ್ಲ ಈಗ್ಲೇ ಗುಜರಿಗೆ ಹಾಕಿ ಬರ್ತೀನಿ,” ಎಂದು ಗರಗಸ, ಉಳಿ, ಸುತ್ತಿಗೆಗಳನ್ನು ಗೋಣಿಚೀಲಕ್ಕೆ ತುಂಬಿದ. ಹೆಂಡತಿ ಖುಷಿಯಿಂದ ದಾರಿ ಬಿಡುತ್ತಾಳೆಂದುಕೊಂಡಿದ್ದ. ಅವಳು ಬಾಗಿಲಿಗೆ ಅಡ್ಡ ನಿಂತು ಚೀಲ ಕಿತ್ತುಕೊಂಡಳು.

“ಇವನ್ನ ಮುಟ್ಬೇಡಿ. ಎದುರುಮನೆಯೋರ ತೊಟ್ಟಿಲಿಗೆ ನಾನಿನ್ನೂ ಎರಡು ಪಟ್ಟಿ ಕೂರಿಸ್ಬೇಕು, ನಾಳೆ ನೀವು ಡ್ಯೂಟಿಗೆ ಹೋಗೋದನ್ನೇ ಕಾಯ್ತಿದೀನಿ.”