ಕಂಬದ ಮೇಲಿನ ಗೆರೆ

ಥೀಮ್ ಪಾರ್ಕಿನ ಗೇಟಿನ ಕಂಬದ ಮೇಲೊಂದು ಕೆಂಪು ಗೆರೆಯಿತ್ತು. ತಲೆ ಅದಕ್ಕೆ ಮುಟ್ಟದ ಮಕ್ಕಳಿಗೆ ಟಿಕೆಟ್ ಬೇಕಿರಲಿಲ್ಲ. ಅದಕ್ಕೇ ಸಾಲಿನಲ್ಲಿದ್ದ ಅಪ್ಪ ಅಮ್ಮಂದಿರೆಲ್ಲ ಮೊಣಕಾಲು ಮಡಿಸುವಂತೆ ಮಕ್ಕಳ ಕಿವಿಯಲ್ಲಿ ಪಿಸುಗುಡುತ್ತಿದ್ದರು. ಮಗ, ಮಗಳೊಂದಿಗೆ ಬಂದಿದ್ದ ಒಬ್ಬ ತಾಯಿ ಮಾತ್ರ ಮಗನಿಗೆ, "ನೆಟ್ಟಗೆ ನಿಂತ್ಕೋ ಕಂದಾ, ಕತ್ತು ಎತ್ತು," ಎಂದಳು.

ಮಗಳ ತಲೆ ಗೆರೆ ದಾಟಿತು. ಮಗ ತುದಿಗಾಲಲ್ಲಿ ನಿಂತರೂ ಮುಟ್ಟಲಿಲ್ಲ.

"ಹುಡುಗಿಗೆ ಟಿಕೆಟ್ ತಗೊಳ್ಳಿ. ಪಾಪು ಫ್ರೀ," ಎಂದ ಗೇಟಿನವನು.

"ಇನ್ನೊಂದ್ಸಲ ನೋಡಿ. ಬೇಕಾದ್ರೆ ಅವನಿಗೂ ಟಿಕೆಟ್ ತಗೋತೀನಿ."

ಗೇಟಿನವನಿಗೆ ನಗು ಬಂತು. "ಎಲ್ಲಾರೂ ಬೇಡ ಅಂತ ಜಗಳ ಆಡ್ತಾರೆ, ನೀವೊಬ್ರು! ಯಾಕಮ್ಮಾ ಅವಸರ? ಮುಂದಿನ ರಜಕ್ಕೆ ಬರೋ ಹೊತ್ತಿಗೆ ಬೆಳ್ದಿರ್ತಾನೆ ಬಿಡಿ."

ಹೋದ ರಜದಲ್ಲೂ ಇದೇ ಕಂಬದ ಹತ್ತಿರ ಅವಳು ಇದೇ ಮಾತು ಕೇಳಿಸಿಕೊಂಡಿದ್ದಳು. ಅದರ ಹಿಂದಿನ ರಜದಲ್ಲೂ. ತನಗೂ ಮಗಳಿಗೂ ಮಾತ್ರ ಟಿಕೆಟ್ ತೆಗೆದುಕೊಂಡಳು.

ಗೇಟಿನವನು ಮಗಳತ್ತ ಬಗ್ಗಿದ. "ತಮ್ಮನ ಕೈ ಬಿಡ್ಬೇಡ ಪುಟ್ಟೀ, ಒಳಗೆ ಜನ ಜಾಸ್ತಿ."

ಹುಡುಗಿ ಆ ಪುಟ್ಟ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ತಮ್ಮ ಅಲ್ಲ ಅಂಕಲ್, ಇವ್ನು ನಮ್ಮಣ್ಣ."